ಬೋದಿಲ್‌ಗೆ ಅರವತ್ತು

ಕ್ಯಾಂಟೀನಿನ ಬಾಗಿಲು ತಳ್ಳಿದ ವಿಬೆಕೆ ಒಳಗೆ ಹೋಗದೆ ಅಲ್ಲೇ ನಿಂತಳು. ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ ಕೆಂಪು ಬಿಳಿಯ ಕಾಗದದ ಬಾವುಟಗಳನ್ನು ಇಳಿಬಿಟ್ಟಿದ್ದರು. ಮೂಲೆಯ ಉದ್ದ ಮೇಜಿನ ನಡುವೆ ಮರದ ಕೋಲಿಗೆ ಕಟ್ಟಿದ ಬಟ್ಟೆಯ ಬಾವುಟ. ಪಕ್ಕದಲ್ಲಿದ್ದ ಕೇಕಿನ ಮೇಲೆ ಹಲ್ಲುಕಡ್ಡಿಗೆ ಅಂಟಿಸಿದ ಇನ್ನೂ ಹತ್ತಾರು. ಡೆನ್ಮಾರ್ಕಿನಲ್ಲಿ ಹುಟ್ಟುಹಬ್ಬ ಅಂದಮೇಲೆ ಬಾವುಟ ಇರಲೇಬೇಕು. ಅದನ್ನು ಕಂಡು ದೇಶವನ್ನು ನೆನೆಯುವವರು ಯಾರೂ ಇಲ್ಲ, ಕೇಕು ಎಲ್ಲಿದೆ ಎಂದು ಕಣ್ಣಾಡಿಸುತ್ತಾರೆ, ಅಷ್ಟೆ.

ಇವತ್ತು ತನ್ನ ತಂಗಿ ಬೋದಿಲ್‌ಗೆ ಅರವತ್ತು ತುಂಬುತ್ತದೆ ಎಂಬುದು ವಿಬೆಕೆಗೆ ಗೊತ್ತಿತ್ತು. ಉಡುಗೊರೆಯ ಉಣ್ಣೆ ಶಾಲು ಕಾರಿನ ಹಿಂದಿನ ಸೀಟಿನಲ್ಲೇ ಇತ್ತು. ಆದರೆ ಈಗ ಅವಳು ಆ ಬಾವುಟಗಳನ್ನು ಅಕ್ಕನ ಕಣ್ಣಿನಿಂದ ನೋಡುತ್ತಿರಲಿಲ್ಲ. ಹನ್ನೊಂದೂವರೆಗೆ ಇಲ್ಲಿ ಊಟಕ್ಕೆ ಕೂರಬೇಕಾಗಿದ್ದ ಆರು ಜನ ಚೀನೀ ಅಧಿಕಾರಿಗಳ ಕಣ್ಣಿನಿಂದ ನೋಡುತ್ತಿದ್ದಳು. ಮೂವತ್ತೊಂದು ವರ್ಷ ದುಭಾಷಿಯಾಗಿ ದುಡಿದವಳಿಗೆ ಸ್ವಂತ ಕಣ್ಣು ಅಂತ ಒಂದು ಉಳಿದಿರುವುದೇ ಅನುಮಾನ.

ಆ ಆರು ಜನ ಬೀಜಿಂಗಿನಿಂದ ಬಂದಿದ್ದು ಹಂದಿಗಾಲಿಗಾಗಿ. ನೋರ್‌ಸ್ಟೆದ್ ಊರಿನ ಈ ಕಸಾಯಿಖಾನೆಯಿಂದ ವಾರಕ್ಕೆ ಎರಡು ಕಂಟೇನರಿನಂತೆ ಹಂದಿಯ ಕಾಲುಗಳು ಚೀನಾಕ್ಕೆ ಹೋಗುತ್ತವೆ. ಅಲ್ಲಿ ಅವನ್ನು ಬೆರಳು ಚೀಪಿಕೊಂಡು ತಿನ್ನುತ್ತಾರೆ. ಇಲ್ಲಿ ಯಾರೂ ಮೂಸುವುದಿಲ್ಲ. ಪರವಾನಗಿಯ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಅದು ನವೀಕರಣವಾಗದಿದ್ದರೆ ಕಾಲಿನ ವಿಭಾಗಕ್ಕೆ ಬೀಗ, ಅಲ್ಲಿನ ಐವತ್ತೆಂಟು ಜನ ಮನೆಗೆ. ಆ ಐವತ್ತೆಂಟರಲ್ಲಿ ಬೋದಿಲ್ ಒಬ್ಬಳು. ಇಪ್ಪತ್ತಮೂರು ವರ್ಷದಿಂದ ಕಾಲುಗಳನ್ನು ಸಾಗಿಸುವ ಅದೇ ಬೆಲ್ಟಿನ ಮುಂದೆ ನಿಂತಿದ್ದಾಳೆ. ಅರವತ್ತಾದವಳನ್ನು, ಮೊಣಕೈ ಸವೆದವಳನ್ನು ಈ ಸೀಮೆಯಲ್ಲಿ ಇನ್ನಾರು ಕೆಲಸಕ್ಕೆ ಕರೆಯುತ್ತಾರೆ?

ಮ್ಯಾನೇಜರ್ ಪ್ರೆಬೆನ್ ತನ್ನ ಕೈಲಾದಷ್ಟು ಎಚ್ಚರ ವಹಿಸಿದ್ದ. ಕಳೆದ ತಿಂಗಳಷ್ಟೇ ಎರಡು ಸರ್ಕಾರಗಳ ನಡುವೆ ಏನೋ ಮಾತಿಗೆ ಮಾತು ಬೆಳೆದು ಪೇಪರಿನಲ್ಲೆಲ್ಲ ಬಂದಿತ್ತು. ಆದ್ದರಿಂದ ರಾಯಭಾರ ಕಚೇರಿಯವರೊಡನೆ ಮಾತಾಡಿ, ಯಾರ ಬಾವುಟವೂ ಬೇಡ ಎಂದು ತೀರ್ಮಾನವಾಗಿತ್ತು. ಅವರದೂ ಬೇಡ, ನಮ್ಮದೂ ಬೇಡ. ಎಲ್ಲರಿಗೂ ಮೇಲ್ ಹೋಗಿತ್ತು. ಕ್ಯಾಂಟೀನಿನ ಲೋನೆ ಅದನ್ನು ಓದಿದ್ದಳು, ಓದಿ ಒಪ್ಪಿದ್ದಳು, ಆಮೇಲೆ ಸ್ಟೂಲು ಹತ್ತಿ ಈ ದಾರ ಕಟ್ಟಿದ್ದಳು.

ವಿಬೆಕೆ ಅದನ್ನು ಕೇಳಿದಾಗ ಲೋನೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದು ಬಾವುಟದ ವಿಷಯ. ಇದು ಬೋದಿಲ್ ವಿಷಯ ಅಲ್ವಾ?" ಎಂದಳು.

ಅವಳ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ವಿಬೆಕೆ ಕೂಡ ಅದೇ ಕಾಗದದ ಬಾವುಟಗಳ ಕೆಳಗೆ ಬೆಳೆದವಳು. ಆದರೆ ಹನ್ನೆರಡು ವರ್ಷದ ಹಿಂದೆ ದಕ್ಷಿಣದ ಒಂದು ಚೀಸ್ ಕಾರ್ಖಾನೆಯಲ್ಲಿ ಊಟದ ಮೇಜಿನ ಮೇಲೆ ಆತಿಥೇಯರ ಬಾವುಟ ಒಂದೇ ಇದ್ದುದನ್ನು ಕಂಡು, ಬಂದ ಚೀನೀ ನಿಯೋಗದ ಹಿರಿಯ ತನ್ನ ಲೋಟವನ್ನು ಬೋರಲು ಹಾಕಿ ಎದ್ದು ಹೋಗಿದ್ದ. ಇಡೀ ಚಳಿಗಾಲ ಒಂದು ಕಾಗದಕ್ಕೂ ಉತ್ತರ ಬರಲಿಲ್ಲ. ಅಂದಿನಿಂದ ವಿಬೆಕೆ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಬಾವುಟ ಎಣಿಸುತ್ತಾಳೆ, ಆಮೇಲೆ ಕುರ್ಚಿ, ಆಮೇಲೆ ಹಿರಿಯ ಅತಿಥಿಗೆ ಸಲ್ಲುವ, ಬಾಗಿಲಿಗೆ ಮುಖ ಮಾಡಿದ ಜಾಗ ಯಾವುದೆಂದು ನೋಡುತ್ತಾಳೆ. ಇಪ್ಪತ್ತೊಂದರ ಹರೆಯದಲ್ಲಿ ಬೀಜಿಂಗಿನ ವಿದ್ಯಾರ್ಥಿನಿಲಯದಲ್ಲಿ ಕೈಗವಸು ಹಾಕಿಕೊಂಡೇ ಮಸಿ ತೇಯ್ದು, ಕುಂಚ ಹಿಡಿದು, ಒಂದೊಂದು ಅಕ್ಷರವನ್ನೂ ನೂರು ಸಲ ತಿದ್ದಿದವಳು ಅವಳು. ಹಳೆಯ ಕವಿಗಳನ್ನು ತನ್ನ ಭಾಷೆಗೆ ತರಬೇಕೆಂದಿದ್ದಳು. ತಂದಿದ್ದು ಶೀತಲೀಕರಣ ಕೊಠಡಿಯ ಉಷ್ಣಾಂಶ. ನಾಲ್ಕು ಸಾವಿರ ಅಕ್ಷರ ಕಲಿತು ಹಂದಿಗಾಲು ಮಾರಿದವಳು ಎಂದು ಬೋದಿಲ್ ಪ್ರತಿ ಕ್ರಿಸ್‌ಮಸ್ಸಿಗೂ ಕಾಲೆಳೆಯುತ್ತಾಳೆ. ಮೊದಮೊದಲು ವಿಬೆಕೆಗೂ ನಗು ಬರುತ್ತಿತ್ತು.

ಒಂಬತ್ತರ ಕಾಫಿಗೆ ಗಂಟೆಯಾಗಿ ಬೋದಿಲ್ ಬಂದಳು. ತಲೆಗೆ ಬಲೆ, ಬಿಳಿಯ ರಬ್ಬರ್ ಬೂಟು. ಅಕ್ಕನನ್ನು ಕಂಡು ಮುಖ ಅರಳಿತು. ಶುಭಾಶಯ ಹೇಳಲು ಬಂದಿದ್ದಾಳೆ ಎಂದುಕೊಂಡಿರಬೇಕು. ವಿಬೆಕೆ ಹೇಳಿದಳು ಕೂಡ, ಅಪ್ಪಿಕೊಂಡಳು ಕೂಡ. ಆಮೇಲೆ ಬಾವುಟದ ಮಾತು ತೆಗೆದಳು.

"ಅಕ್ಕ, ನಾನೇನು ಚೀನಾ ಮೇಲೆ ದಂಡೆತ್ತಿ ಹೋಗ್ತಿದೀನಾ? ಅರವತ್ತು ಆಗ್ತಿದೆ, ಅಷ್ಟೆ."

"ನಂಗೊತ್ತು ಕಣೇ. ಅವರಿಗೆ ಗೊತ್ತಿಲ್ವಲ್ಲ."

"ಹೇಳು ಮತ್ತೆ. ಅದಕ್ಕೇ ಅಲ್ವಾ ನಿನ್ನ ಕರೆಸಿರೋದು?"

ಬಾವುಟ ಬೇಡವೆಂದು ಒಪ್ಪಿ ಆಮೇಲೆ ಗೋಡೆ ತುಂಬ ಕಟ್ಟಿ, ಇದು ಹುಟ್ಟುಹಬ್ಬಕ್ಕೆ ಎಂದರೆ ಸಬೂಬು ಅಂದುಕೊಳ್ಳುತ್ತಾರೆ ಎಂದು ವಿಬೆಕೆ ತಗ್ಗಿದ ದನಿಯಲ್ಲಿ ವಿವರಿಸಿದಳು. ಇನ್ನೂ ಒಂದಿತ್ತು. ದುಭಾಷಿಗೆ ಕಾರ್ಖಾನೆಯಲ್ಲಿ ಯಾವ ರಕ್ತಸಂಬಂಧಿಯೂ ಇಲ್ಲ ಎಂದು ಅವಳು ತಪಾಸಣೆಯ ಕಾಗದಕ್ಕೆ ಸಹಿ ಮಾಡಿದ್ದಳು. ತಂಗಿಯ ಕೆಲಸ ಉಳಿಸುವ ಮಾತನ್ನು ಬೇರೆ ಯಾರ ಬಾಯಿಗೂ ಒಪ್ಪಿಸಲು ಧೈರ್ಯವಾಗದೆ ಮಾಡಿದ ಸಹಿ ಅದು. ಆದ್ದರಿಂದ ಇವತ್ತು ಸಂಜೆವರೆಗೆ ತಾವಿಬ್ಬರೂ ಪರಿಚಯವಿಲ್ಲದವರು ಎಂದಳು.

ಬೋದಿಲ್ ಬೂಟು ಕಳಚಿ ಸ್ಟೂಲು ಹತ್ತಿದಳು. ಕಾಫಿ ಹಿಡಿದಿದ್ದ ಇಬ್ಬರು ಸಹಾಯಕ್ಕೆ ಬಂದರೆ ಬೇಡವೆಂದಳು.

"ನನ್ನ ಹುಟ್ಟುಹಬ್ಬ. ನಾನೇ ತೆಗೀತೀನಿ."

ಬಾವುಟ ನೆಲಕ್ಕೆ ತಾಗಬಾರದೆಂದು ದಾರವನ್ನು ಮೊಣಕೈಗೂ ಅಂಗೈಗೂ ಸುತ್ತುತ್ತಾ ಒಂದೊಂದೇ ಗಂಟು ಬಿಚ್ಚಿದಳು. ನೋವಿನ ಮೊಣಕೈಯನ್ನು ನಡುನಡುವೆ ಕೆಳಗಿಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಕಾಫಿಗೆಂದು ಕೊಟ್ಟಿದ್ದ ಹದಿನೈದು ನಿಮಿಷ ಅದರಲ್ಲೇ ಮುಗಿಯಿತು. ಕೇಕಿನ ಮೇಲಿನ ಹಲ್ಲುಕಡ್ಡಿಗಳನ್ನು ಲೋನೆ ಕಿತ್ತಳು. ಕಿತ್ತಲ್ಲೆಲ್ಲ ಕ್ರೀಮಿನಲ್ಲಿ ತೂತು ಬಿತ್ತು. ವಿಬೆಕೆಗೆ ನಾಚಿಕೆಯಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ನೂರು ಮೈಲಿ ಕಾರು ಓಡಿಸಿಕೊಂಡು ಬಂದದ್ದು ಇದಕ್ಕೇ ಏನೋ ಅನ್ನಿಸಿತು. ಆದರೂ ಕೊನೆಗೊಮ್ಮೆ ಕೋಣೆಯನ್ನೆಲ್ಲ ಕಣ್ಣಿನಿಂದ ಗುಡಿಸಿ, ಏನೂ ಉಳಿದಿಲ್ಲವೆಂದು ಖಚಿತ ಮಾಡಿಕೊಂಡೇ ಹೊರಟಳು.

ನಿಯೋಗದ ಮುಖ್ಯಸ್ಥೆ ಛೂ ಲಿಫೆನ್ ಐವತ್ತರ ಆಸುಪಾಸಿನವಳು. ದಣಿದ ಮುಖ, ಮಾತು ಕಡಿಮೆ. ಹತ್ತು ದಿನದಲ್ಲಿ ಇದು ಅವಳಿಗೆ ಒಂಬತ್ತನೆಯ ಕಾರ್ಖಾನೆ. ದೊಡ್ಡಿ, ಬಿಸಿನೀರಿನ ತೊಟ್ಟಿ, ಶೈತ್ಯಾಗಾರ, ದಾಖಲೆಗಳ ಕಪಾಟು. ಎಲ್ಲವನ್ನೂ ಮುಟ್ಟಿ, ಓದಿ, ಫೋಟೋ ತೆಗೆಸಿ, ಬರೆದುಕೊಳ್ಳುತ್ತಿದ್ದಳು. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಪ್ರೆಬೆನ್ ಮಾಡಿದ ಎರಡು ತಮಾಷೆಗಳನ್ನು ವಿಬೆಕೆ ಅನುವಾದಿಸದೆ ನುಂಗಿದಳು.

ಹನ್ನೊಂದೂವರೆಗೆ ಪ್ರೆಬೆನ್ ಊಟಕ್ಕೆ ಕರೆದ. ಛೂ ಲಿಫೆನ್ ಕೈಯಲ್ಲೇ ಬೇಡವೆಂದಳು. ಆತಿಥೇಯರ ಊಟ ಉಣ್ಣುವಂತಿಲ್ಲ ಎಂದು ತಮ್ಮಲ್ಲಿ ನಿಯಮ ಬಂದು ಎಷ್ಟೋ ವರ್ಷವಾಯಿತು, ಬಸ್ಸಿನಲ್ಲಿ ನೂಡಲ್ಸ್ ಡಬ್ಬಿಗಳಿವೆ, ಒಂದಿಷ್ಟು ಬಿಸಿನೀರು ಕೊಟ್ಟರೆ ಸಾಕು ಎಂದಳು. ಇದು ನಿಮಗೆ ಗೊತ್ತಿರಬೇಕಲ್ಲ ಎಂಬಂತೆ ವಿಬೆಕೆಯ ಕಡೆ ನೋಡಿದಳು.

ಗೊತ್ತಿರಬೇಕಿತ್ತು. ಆದರೆ ಎಷ್ಟೋ ವರ್ಷದಿಂದ ಅವಳನ್ನು ಕಾರ್ಖಾನೆಗಳಿಗೆ ಕರೆಯುವವರೇ ಕಡಿಮೆಯಾಗಿದ್ದರು. ಅವಳ ತಲೆಯಲ್ಲಿದ್ದ ಚೀನಾ ಇನ್ನೂ ಹತ್ತು ಬಗೆಯ ಊಟ ಬಡಿಸಿ ಲೋಟ ತಾಗಿಸುವ ಚೀನಾ. ಬೋರಲು ಹಾಕಿದ ಆ ಲೋಟವನ್ನು ಹನ್ನೆರಡು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದೇ ಬಂತು. ಅಲ್ಲಿನವರು ಅದನ್ನು ಯಾವಾಗಲೋ ತೊಳೆದು ಎತ್ತಿಟ್ಟಿದ್ದರು.

ಬಿಸಿನೀರಿನ ಫ್ಲಾಸ್ಕು ತರಲು ವಿಬೆಕೆ ಹೊರಟರೆ ಛೂ ಲಿಫೆನ್ ಜೊತೆಗೇ ಬಂದಳು. ಓಣಿಯ ಗಾಜಿನಾಚೆ ಕ್ಯಾಂಟೀನು ಕಾಣುತ್ತಿತ್ತು. ಅತಿಥಿಗಳಿಗೆಂದು ಬಿಟ್ಟಿದ್ದ ಆರು ಕುರ್ಚಿ ಖಾಲಿ. ಮೂಲೆಯ ಮೇಜಿನ ಸುತ್ತ ಮೂವತ್ತು ಜನ ನಿಂತು, ಕೈ ತಟ್ಟುತ್ತಾ ಹುಟ್ಟುಹಬ್ಬದ ಹಾಡು ಹೇಳುತ್ತಿದ್ದರು. ನಡುವೆ ಕೂತ ಬೋದಿಲ್‌ಳ ಕಣ್ಣು ಗಾಜಿನ ಕಡೆಗೇ ಇತ್ತು.

"ಇವತ್ತೇನಾದ್ರೂ ವಿಶೇಷಾನಾ?" ಎಂದು ಛೂ ಲಿಫೆನ್ ಕೇಳಿದಳು. ಕುತೂಹಲವಷ್ಟೆ, ಕೊಂಕೇನೂ ಇರಲಿಲ್ಲ.

ಈಗ ಹೇಳಬಹುದಿತ್ತು. ಹೇಳಿದ್ದರೆ ಯಾವ ಆಕಾಶವೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಯಾರದು, ನಿಮಗೆ ಹೇಗೆ ಗೊತ್ತು ಎಂದು ಮಾತು ಮುಂದುವರಿದರೆ ಸಹಿಯ ತನಕ ಹೋಗುತ್ತದೆ. ಅದಕ್ಕೂ ಮಿಗಿಲಾಗಿ ಅವಳ ನಾಲಗೆಗೆ ಅಭ್ಯಾಸವಾಗಿತ್ತು.

"ಏನಿಲ್ಲ. ಇಲ್ಲಿನವರು ಊಟದ ಹೊತ್ತಲ್ಲಿ ಒಮ್ಮೊಮ್ಮೆ ಹಾಡ್ತಾರೆ."

ಛೂ ಲಿಫೆನ್ ಒಳ್ಳೆಯದು ಎಂಬಂತೆ ತಲೆಯಾಡಿಸಿ ಫ್ಲಾಸ್ಕು ತೆಗೆದುಕೊಂಡು ಬಸ್ಸಿಗೆ ಹೋದಳು. ವಿಬೆಕೆ ಅರ್ಧ ಗಂಟೆ ಓಣಿಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಹೋಗಿ ಒಂದು ತುಂಡು ಕೇಕು ತಿನ್ನಬಹುದೇ ಎಂದು ಯೋಚಿಸಿ, ಯೋಚಿಸಿ, ಹೋಗಲಿಲ್ಲ.

ಕಾಲಿನ ವಿಭಾಗಕ್ಕೆ ಬರುವ ಹೊತ್ತಿಗೆ ಎರಡೂವರೆ. ಛೂ ಲಿಫೆನ್ ಬೆಲ್ಟಿನ ಉದ್ದಕ್ಕೂ ನಡೆದಳು, ಉಗುರು ತೆಗೆದ ಜಾಗಗಳನ್ನು ಬಗ್ಗಿ ನೋಡಿದಳು, ಹದಿನಾಲ್ಕನೆಯ ಜಾಗದಲ್ಲಿ ನಿಂತಳು. ಅದು ಬೋದಿಲ್‌ಳ ಜಾಗ. ಬೇರೆ ಯಾರದಾದರೂ ಆಗಬಾರದಿತ್ತೇ ಎಂದು ವಿಬೆಕೆ ಒಳಗೊಳಗೇ ಹಲುಬಿದಳು. ಎಷ್ಟು ವರ್ಷದ ಅನುಭವ ಎಂದು ಮೊದಲ ಪ್ರಶ್ನೆ. ಬೋದಿಲ್ ಸದ್ದು ತಡೆಯುವ ಕಿವಿಗಾಪಿನ ಒಂದು ಬದಿ ಸರಿಸಿ ಕೇಳಿಸಿಕೊಂಡು, ಇಪ್ಪತ್ತಮೂರು ಎಂದಳು. ನಿಮಿಷಕ್ಕೆ ಎಷ್ಟು ಕಾಲು, ಚಾಕು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ, ಎಲ್ಲಕ್ಕೂ ಚುಟುಕು ಉತ್ತರ. ಕಡೆಗೆ ವಯಸ್ಸು ಕೇಳಿದಳು.

ಬೋದಿಲ್ ಚಾಕು ಕೆಳಗಿಟ್ಟಳು. ಉತ್ತರ ಕೊಟ್ಟದ್ದು ಛೂ ಲಿಫೆನ್‌ಗೆ, ನೋಡುತ್ತಿದ್ದದ್ದು ಅಕ್ಕನನ್ನು.

"ಅರವತ್ತು. ಇವತ್ತು ಬೆಳಿಗ್ಗೆ ತುಂಬ್ತು. ನಮ್ಮಮ್ಮ ಇದ್ದಿದ್ರೆ ಬೆಳಿಗ್ಗೇನೇ ಫೋನ್ ಮಾಡಿ ನಾನು ಹುಟ್ಟಿದ ದಿನ ಎಷ್ಟು ಮಂಜು ಬಿದ್ದಿತ್ತು ಅಂತ ಮತ್ತೆ ಹೇಳ್ತಿದ್ಲು. ಈಗ ಅದನ್ನ ನೆನಪಿಟ್ಟುಕೊಂಡಿರೋರು ಒಬ್ರೇ ಇದಾರೆ. ಅವರೂ ಇವತ್ತು ಕೆಲಸದ ಮೇಲಿದಾರೆ."

ಛೂ ಲಿಫೆನ್ ಪೆನ್ನು ಹಿಡಿದು ಕಾಯುತ್ತಿದ್ದಳು. ಪ್ರೆಬೆನ್ ನೆಲ ನೋಡುತ್ತಿದ್ದ. ವಿಬೆಕೆಗೆ ಆ ಮಂಜು ಕಣ್ಣಿಗೆ ಕಟ್ಟಿದಂತಿತ್ತು. ಸೂಲಗಿತ್ತಿಯ ಸೈಕಲ್ಲು ಗೇಟಿನ ಹತ್ತಿರ ಹೂತುಹೋಗಿದ್ದು, ನಾಲ್ಕು ವರ್ಷದ ತನ್ನನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು. ಇದನ್ನೆಲ್ಲ ಚೀನೀ ಭಾಷೆಯಲ್ಲಿ ಹೇಳಲು ಅವಳ ಹತ್ತಿರ ಬೇಕಾದಷ್ಟು ಶಬ್ದಗಳಿದ್ದವು. ಇಪ್ಪತ್ತೊಂದರಲ್ಲಿ ಕಲಿತವು, ಆಮೇಲೆ ಒಮ್ಮೆಯೂ ಬಳಸದವು.

"ಅರವತ್ತು," ಎಂದಳು.

ಛೂ ಲಿಫೆನ್ ಬರೆದುಕೊಂಡಳು.

"ಅಷ್ಟೇನಾ?" ಎಂದಳು ಬೋದಿಲ್. "ನಾನು ಹೇಳಿದ್ದು ಇನ್ನೂ ಉದ್ದ ಇತ್ತು."

ಏನಂತೆ ಎಂದು ಛೂ ಲಿಫೆನ್ ತಿರುಗಿದಳು. ಕೈ ನಿಲ್ಲಿಸಿದರೆ ಕಾಲುಗಳು ಒಂದರ ಮೇಲೊಂದು ಬೀಳುತ್ತವೆ, ಕೆಲಸಕ್ಕೆ ಹಿಂತಿರುಗಲೇ ಎಂದು ಕೇಳುತ್ತಿದ್ದಾರೆ ಎಂದು ವಿಬೆಕೆ ಹೇಳಿದಳು. ಛೂ ಲಿಫೆನ್ ಮೊದಲ ಸಲ ನಕ್ಕಳು. ಕಡತ ಮುಚ್ಚಿ, ಈ ವಿಭಾಗದಲ್ಲಿ ತನ್ನ ತಕರಾರು ಏನೂ ಇಲ್ಲ, ಪರವಾನಗಿಯ ಕಾಗದ ಶುಕ್ರವಾರ ಬರುತ್ತದೆ ಎಂದಳು. ವಿಬೆಕೆ ಅದನ್ನು ಶಬ್ದಕ್ಕೆ ಶಬ್ದ, ಒಂದಿಷ್ಟೂ ಬಿಡದೆ ಅನುವಾದಿಸಿದಳು. ಪ್ರೆಬೆನ್ ಅವಳ ಮೊಣಕೈ ಹಿಡಿದು ಗಟ್ಟಿಯಾಗಿ ಒತ್ತಿದ.

ಎಲ್ಲರೂ ಮುಂದೆ ಹೋದರು. ಕೆಲಸ ಉಳಿದದ್ದನ್ನು ಬೋದಿಲ್‌ಗೆ ಹೇಳಿಬಿಡೋಣ ಎಂದು ವಿಬೆಕೆ ಹಿಂದೆ ಉಳಿದಳು. ಅಷ್ಟರಲ್ಲಿ ಬೋದಿಲ್ ಕಿವಿಗಾಪನ್ನು ಮೊದಲಿನಂತೆ ಎಳೆದುಕೊಂಡಿದ್ದಳು. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಕೈಗವಸು ಇಲ್ಲದವರು ಬೆಲ್ಟಿನ ಹತ್ತಿರದವರನ್ನು ಮುಟ್ಟುವಂತಿಲ್ಲ ಎಂದು ಗೋಡೆಯ ಮೇಲೆ ಎರಡು ಭಾಷೆಯಲ್ಲಿ ಬರೆದಿತ್ತು. ಚೀನೀ ಸಾಲನ್ನು ವಿಬೆಕೆಯೇ ಬರೆದುಕೊಟ್ಟಿದ್ದಳು. ಅವಳು ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಳು. ಬೋದಿಲ್ ಮುಂದಿನ ಕಾಲನ್ನು ಎತ್ತಿಕೊಂಡು, ಬೆರಳುಗಳನ್ನು ಬಿಡಿಸಿ, ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ, ಚಾಕು ಇಟ್ಟಳು.