ಲೆಕ್ಕಕ್ಕೆ ಬರುವ ದಿನಗಳು

ಬೆಳಿಗ್ಗೆ ನರ್ಸ್ ಲೋರ್ನಾ ಒಳಗೆ ಬಂದಾಗ ಬರ್ನಡೀನ್ ಆಗಲೇ ಬಟ್ಟೆ ಬದಲಿಸಿ, ಲಿಪ್‌ಸ್ಟಿಕ್ ಹಚ್ಚಿಕೊಂಡು, ಪರೀಕ್ಷೆಗೆ ಬಂದವಳಂತೆ ಮಂಚದ ಅಂಚಿನಲ್ಲಿ ಕೂತಿದ್ದಳು. ಸೊಂಟದ ಮೂಳೆ ಮುರಿದು ಟೊಲೆಡೊದ ಈ ಶುಶ್ರೂಷಾ ಕೇಂದ್ರಕ್ಕೆ ಬಂದ ಮುದುಕಿ ಮರುದಿನ ಮನೆಗೆ ಹೊರಡಬೇಕಿತ್ತು. ಮನೆಯಲ್ಲಿ ಅವಳೊಬ್ಬಳೇ.

"ನಿನ್ನೆಯಿಂದ ಒಂದ್ಸಲಾನೂ ಬೆಲ್ ಒತ್ತಿಲ್ಲ. ಬರ್ಕೋ," ಎಂದಳು.

ಬರೆದುಕೊಳ್ಳುವುದೇ ಲೋರ್ನಾಳ ಕೆಲಸ. ಸ್ವಲ್ಪ ದಿನಕ್ಕೆಂದು ಬಂದವರು ಹೊರಡುವ ಮುಂಚಿನ ಮೂರು ದಿನ ಏಳುವುದು, ನಡೆಯುವುದು, ಶೌಚಕ್ಕೆ ಹೋಗುವುದನ್ನೆಲ್ಲ ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆಂದು ನೋಡಿ ಅಂಕ ಹಾಕಬೇಕು. ಒಮ್ಮೆ ಚೆನ್ನಾಗಿ ಮಾಡಿ ತೋರಿಸಿದ್ದಲ್ಲ, ಸಾಮಾನ್ಯವಾಗಿ ಮಾಡುವುದೇ ಲೆಕ್ಕ. ಆ ಅಂಕಗಳೆಲ್ಲ ಸೇರಿ ಕೇಂದ್ರದ ಗುಣಮಟ್ಟದ ನಕ್ಷತ್ರಗಳಾಗಿ ಊರಿಗೆಲ್ಲ ಕಾಣುತ್ತವೆ. ಹೋದ ಸಲ ಒಂದು ನಕ್ಷತ್ರ ಕಳೆದುಕೊಂಡಾಗಿನಿಂದ ವ್ಯವಸ್ಥಾಪಕ ಸ್ಟ್ರೌಡ್‌ಗೆ ನಿದ್ದೆಯಿಲ್ಲ. "ಈ ಮೂರು ದಿನ ಲೆಕ್ಕಕ್ಕೆ ಬರುತ್ತೆ, ನಿಮ್ಮ ತಾಕತ್ತು ತೋರಿಸ್ಬೇಕು" ಎಂದು ಮಹಾನುಭಾವ ಕೋಣೆ ಕೋಣೆಗೂ ಹೋಗಿ ಹುರಿದುಂಬಿಸಿ ಬಂದಿದ್ದ.

"ರಾತ್ರಿ ಬಾತ್‌ರೂಮಿಗೆ?"

"ಅಗತ್ಯಾನೇ ಬೀಳ್ಲಿಲ್ಲ."

ನೀರಿನ ಜಗ್ಗು ನಿನ್ನೆ ತುಂಬಿಸಿಟ್ಟ ಹಾಗೇ ಇತ್ತು. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಲಿಪ್‌ಸ್ಟಿಕ್ಕಿನ ಕೆಳಗೆ ತುಟಿ ಒಡೆದಿತ್ತು.

"ನೀರೇ ಕುಡೀತಿಲ್ವಾ ನೀವು?"

"ಕುಡಿದ್ರೆ ಹೋಗ್ಬೇಕು. ಹೋದ್ರೆ ಕಮೋಡಿಂದ ಎಬ್ಬಿಸೋಕೆ ಯಾರಾದ್ರೂ ಬರ್ಬೇಕು. ಬಂದ್ರೆ ನೀನು ಬರೀತೀಯ. ಬರೆದ್ರೆ ಮನೆಗೆ ಬಿಡಲ್ಲ. ನಾಳೆವರೆಗೆ ತಾನೇ, ಸುಮ್ನಿರು ಮಾರಾಯ್ತಿ."

"ಮನೇಲಿ ತಲೆ ತಿರುಗಿ ಬಿದ್ರೆ?"

"ಬಿದ್ರೂ ನನ್ನ ಮನೇಲಿ ಬಿದ್ದಿರ್ತೀನಿ."

ಮತ್ತೆ ಆಸ್ಪತ್ರೆ ಸೇರಿದರೆ ಅದೂ ನಮ್ಮ ಅಂಕದ ಲೆಕ್ಕಕ್ಕೇ ಬರುತ್ತೆ ಎಂದು ಹೇಳಲು ಬಾಯಿ ತೆರೆದ ಲೋರ್ನಾಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಲೋಟಕ್ಕೆ ನೀರು ಸುರಿದು ಮುದುಕಿಯ ಕೈಗಿಟ್ಟಳು.

"ಕುಡೀರಿ. ಬೆಲ್ ಒತ್ತಿದ್ರೆ ನಾನೇ ಬರ್ತೀನಿ."

"ಬಂದು ಬರೀತೀಯಾ?"

"ಬರೀತೀನಿ."

"ಹಾಗಾದ್ರೆ ನಾಳೆ?"

"ನಾಳೆ ಆಗಲ್ಲ ಅನ್ಸುತ್ತೆ. ಇನ್ನೊಂದಷ್ಟು ದಿನ ಇರ್ಬೇಕಾಗುತ್ತೆ."

ಬರ್ನಡೀನ್ ಲೋಟವನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟಳು.

ಹನ್ನೊಂದಕ್ಕೆ ಸ್ಟ್ರೌಡ್ ಆಫೀಸಿನೊಳಗೆ ತಲೆ ಹಾಕಿದ. "ಬರ್ನಡೀನ್‌ದು ಒಳ್ಳೇ ಅಂಕ ತಾನೇ?"

"ಇನ್ನೂ ಮುಗಿದಿಲ್ಲ," ಎಂದ ಲೋರ್ನಾಳ ಕಣ್ಣು ಹೊರಗಿನ ಓಣಿಯಲ್ಲೇ ಇತ್ತು. ಬೆಲ್ ಒತ್ತಿದರೆ ಉರಿಯುವ, ಮುದುಕಿಯ ಬಾಗಿಲಿನ ಮೇಲಿನ ದೀಪ ಹೊತ್ತಲಿಲ್ಲ. ಊಟದ ತಟ್ಟೆಗಳು ಹೋದವು, ವಾಪಸ್ಸೂ ಬಂದವು. ಡಾಕ್ಟರಿಗೆ ಹೇಳಿಬಿಡೋಣವೆಂದು ಅವಳು ಫೋನಿಗೆ ಕೈ ಹಾಕುವಷ್ಟರಲ್ಲಿ ದೀಪ ಹೊತ್ತಿಕೊಂಡಿತು. ಲೋರ್ನಾ ಓಡಿದಳು.

ಖಾಲಿ ಲೋಟದ ಅಂಚಿಗೆ ಲಿಪ್‌ಸ್ಟಿಕ್ ಅಂಟಿತ್ತು. ಬಾತ್‌ರೂಮಿನಲ್ಲಿ ಕಮೋಡಿನ ಮೇಲೆ ಕೂತಿದ್ದ ಬರ್ನಡೀನ್ ಅವಳ ಮುಖ ನೋಡದೆ ಎರಡೂ ಕೈ ಚಾಚಿದಳು.