ಚಕ್ರವಿಲ್ಲದ ಗಾಡಿಯ ಕುಂಕುಮ

ಆಹಾ, ಸಹೃದಯರೇ, ಕಾಶ್ಮೀರದ ಆ ಕಾರ್ತಿಕದ ಮುಂಜಾವನ್ನು ಹೇಗೆ ಬಣ್ಣಿಸಲಿ! ದೇವದಾರುಗಳ ಶಿರದ ಮೇಲೆ, ಕಣಿವೆಗಳ ಮಡಿಲಲ್ಲಿ, ಋತುವಿನ ಮೊದಲ ಹಿಮವು ಆಗತಾನೇ ಬೀಸಿದ ಅಕ್ಕಿಹಿಟ್ಟಿನಂತೆ ಸೊಂಟದೆತ್ತರ ಬಿದ್ದಿತ್ತು. ಅರುಣಕಿರಣಗಳು ಅದನ್ನು ಮುಟ್ಟಲೂ ಅಂಜುತ್ತಿದ್ದವು... ಆ ಧವಳ ಪ್ರಶಾಂತಿಯ ನಡುವೆ ನೆಮ್ಮದಿಯಿಲ್ಲದ ಜೀವ ಒಂದೇ: ಹಲಸೂರಿನ ಬಡಗಿ, ಈಗ ಪಲ್ಟನ್ನಿನ ಸಿಪಾಯಿ, ಮುನಿಶಾಮಿ. ಹಿಮದ ಮೇಲೆ ಜಾರಲೆಂದು ಕೈಯಾರೆ ಮಾಡಿದ ಉದ್ದನೆಯ ಸ್ಕೀ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಅವನು ಇಳಿಜಾರಿನ ನೆತ್ತಿಯಲ್ಲಿ ನಿಂತಿದ್ದ.

ಇಂದಿನ ಪರೀಕ್ಷೆಯಲ್ಲಿ ಇವು ಗೆದ್ದರೆ ಬೆಂಗಳೂರು ದಂಡಿನಲ್ಲೇ ಇಂಥ ಹಲಗೆಗಳ ಕಾರ್ಖಾನೆ ತೆರೆದು ಅವನನ್ನು ಊರಿಗೆ ಕಳಿಸುವುದಾಗಿಯೂ, ಕೈಕೊಟ್ಟರೆ ಬರ್ಮಾದ ಯುದ್ಧಕ್ಕೆ ಅಟ್ಟುವುದಾಗಿಯೂ ಕ್ಯಾಪ್ಟನ್ ಸಾಹೇಬರು ಹೇಳಿಬಿಟ್ಟಿದ್ದರು. ಆದರೆ ಅವನೆದೆಯ ಕಸಿವಿಸಿ ಬರ್ಮಾದ್ದಲ್ಲ, ಹೆಂಡತಿ ಅಂಜಿನಮ್ಮನದು! ದಸರೆಯ ರಜೆಯಲ್ಲಿ ಬಚ್ಚಲ ಹಂಡೆಯ ಹಬೆಗೆ ಹಲಸಿನ ಹಲಗೆ ಹಿಡಿದು, ಮೂತಿ ಬಾಗಿಸಿ, ನುಣುಪು ಮಾಡಿಟ್ಟಿದ್ದರೆ, ಆಯುಧಪೂಜೆಯ ದಿನ ಆ ಪುಣ್ಯಾತ್ಗಿತ್ತಿ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅವುಗಳ ತಳಕ್ಕೇ ಮೆತ್ತಿಬಿಟ್ಟಿದ್ದಳು.

“ನೆಲ ಮುಟ್ಟೋ ಜಾಗಕ್ಕೇ ಅಲ್ವಾ ಪೂಜೆ? ಚಕ್ರ ಇಲ್ದಿದ್ರೇನು, ಓಡೋದೆಲ್ಲ ಗಾಡೀನೇ” ಎಂದಿದ್ದಳು.

“ಮಾಡಿದ ಕೆಲ್ಸಾನೆಲ್ಲ ಹಾಳು ಮಾಡ್ದೆ” ಎಂದು ಸಿಡುಕಿ, ಕೆರೆದು, ಉಜ್ಜಿ, ಮೇಣ ಬಳಿದು, ಮುಖ ಕೊಟ್ಟು ಮಾತಾಡದೆ ಅವನು ರೈಲು ಹತ್ತಿದ್ದ. ರೈಲು ಮರೆಯಾಗುವವರೆಗೂ ಅವಳು ನಿಂತೇ ಇದ್ದಳು.

ಕ್ಯಾಪ್ಟನ್ನರು ಕೈ ಬೀಸಿದರು. ಮುನಿಶಾಮಿ ಜಾರಿದ... ಏನು ಓಟ, ಏನು ಹಿಮಧೂಳಿಯ ಧಾರೆ! ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಮರೆಯಲ್ಲಿದ್ದ ಹಳ್ಳವೊಂದು ಸಿಕ್ಕಿ ಬುಡಮೇಲಾದ. ಎದ್ದು ನೋಡಿದರೆ ಎಡಗಾಲಿನ ಹಲಗೆಯೇ ಇಲ್ಲ! ಆ ಸಡಿಲ ಹಿಮ ಅದನ್ನು ಇಡಿಯಾಗಿ ನುಂಗಿತ್ತು. ಒಂಟಿ ಹಲಗೆಯನ್ನು ಯಾರು ಒಪ್ಪುತ್ತಾರೆ? ಬೆರಳು ಮರಗಟ್ಟುವವರೆಗೆ ಹುಚ್ಚನಂತೆ ಬಗೆದ.

ಆಗ ಕಂಡಿತು, ಬಿಳುಪಿನ ಮೇಲೆ ಎಳೆಯಷ್ಟು ಕೆಂಪು. ಎಷ್ಟು ಉಜ್ಜಿದರೂ ಮರದ ನಾರಿನೊಳಗೆ ಉಳಿದಿದ್ದ ಕುಂಕುಮ, ಹಲಗೆ ನುಸುಳಿಹೋದ ದಾರಿಯುದ್ದಕ್ಕೂ ಬಣ್ಣ ಬಿಟ್ಟಿತ್ತು. ಆ ಗೆರೆ ಹಿಡಿದು ಬಗೆದ. ಮೊಳದಾಳದಲ್ಲಿ ಹಲಗೆ ಮುರಿಯದೆ ಮಲಗಿತ್ತು.

ಕ್ಯಾಪ್ಟನ್ನರು ಧಾವಿಸಿ ಬಂದು, ರಕ್ತವೇ, ಪೆಟ್ಟಾಯಿತೇ ಎಂದು ಹಿಂದೂಸ್ತಾನಿಯಲ್ಲಿ ಕೇಳಿದರು. ಮುನಿಶಾಮಿಗೆ ಆ ಭಾಷೆಯೇ ಮರೆತುಹೋಗಿತ್ತು.

“ರಕ್ತ ಅಲ್ಲ ಸಾಮಿ... ನನ್ನ ಹೆಂಡ್ತಿ ಗಾಡಿಗೆ ಪೂಜೆ ಮಾಡಿದ್ಲು” ಎಂದವನೇ ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಕಣ್ಣೊರೆಸಿಕೊಂಡು, ಹಲಗೆ ಬಿಗಿದು, ಉಳಿದ ಇಳಿಜಾರನ್ನು ಒಂದೇ ಓಟದಲ್ಲಿ ಇಳಿದ. ಹಲಗೆಗಳು ಗೆದ್ದಿದ್ದವು; ಕೆಳಗೆ ನಿಂತವರು ಚಪ್ಪಾಳೆ ತಟ್ಟಿದರು.

ಮುನಿದವರು ಎಷ್ಟೇ ಕೆರೆದರೂ ಒಲವು ನಾರಿನೊಳಗೆ ಉಳಿದುಬಿಡುತ್ತದೆ, ಸಹೃದಯರೇ... ಎಲ್ಲವೂ ಕಳೆದುಹೋಯಿತೆಂದು ಕೈಚೆಲ್ಲಿದ ಚಳಿಯಲ್ಲಿ ತಾನೇ ಮುಂದಾಗಿ ದಾರಿ ತೋರುತ್ತದೆ. ಅದನ್ನು ಹೇಳಬೇಕಾದವರ ಮುಂದೆ ಹೇಳಲು ಊರಿನ ರೈಲು ಹತ್ತಬೇಕು, ಅಷ್ಟೆ!