ಇಳಿಸಿದ ಜಾಗ

"ಹೊಸ ಫಲಕದಲ್ಲಿ ಏನು ಬರ್ಸಿದೀನಿ ಗೊತ್ತಾ?" ಅವಳ ಬೆನ್ನ ಮೇಲಿನ ಕುರ್ಚಿಯಿಂದ ಯಾತ್ರಾ ಸಮಿತಿಯ ಅಧ್ಯಕ್ಷರು ಕೇಳಿದರು.

ಅವಳು ಬೆಟ್ಟದ ದಾರಿಯಲ್ಲಿ ಮುಂದಿನ ಹೆಜ್ಜೆ ಇಟ್ಟಳು. ಕುರ್ಚಿಯ ಭಾರ ಹೊರುವ ಹಣೆಪಟ್ಟಿಗೆ ತೊಂಬತ್ತು ಕಿಲೋ ಯಾತ್ರಾ ಸಮಿತಿ ಜೋತುಬಿದ್ದಿರುವಾಗ ಮಾತಿಗೆ ಉಸಿರು ಖರ್ಚು ಮಾಡುವುದು ದಡ್ಡತನ. ಫಲಕ ಮೇಲಿನ ಕಟ್ಟೆಯಲ್ಲಿತ್ತು, ಹೊರುವವರು ಭಾರ ಇಳಿಸಿ ದಣಿವಾರಿಸಿಕೊಳ್ಳುವ ಜಾಗದಲ್ಲಿ. ಅದರ ಪರದೆ ಸರಿಸಲು ಹೊರಟ ದೊಡ್ಡ ಮನುಷ್ಯರಿಗೆ ಮಂಡಿನೋವು, ಒಂದು ಹೆಜ್ಜೆಯೂ ಹತ್ತಲಾರರು.

ಯಾರೋ ಮಹಾತ್ಮರು ಇಲ್ಲಿ ಗಂಟು ಇಳಿಸಿ ಧ್ಯಾನಕ್ಕೆ ಕೂತಿದ್ದರಿಂದ ಊರಿಗೆ 'ಇಳಿಸಿದ ಜಾಗ' ಎಂಬ ಹೆಸರು ಬಂತು ಎಂದು ಫಲಕ ಹೇಳುತ್ತಿತ್ತು. ಊರಿಗೆ ಗೊತ್ತಿದ್ದುದೇ ಬೇರೆ. ಎರಡು ಕಟ್ಟೆಗಳ ನಡುವೆ ಯಾತ್ರಿಕರನ್ನು ಇಳಿಸಿದವರಿಗೆ ಮತ್ತೆ ಹೊರುವ ಕೆಲಸವಿಲ್ಲ. ಇವತ್ತಿಗೂ ಅದೇ ಕಟ್ಟುಪಾಡು. ಅವಳ ಮುತ್ತಜ್ಜಿ ತುಂಬು ಬಸುರಿಯಾಗಿ ಒಬ್ಬ ಸಾಹುಕಾರನನ್ನು ಹೊತ್ತು ಹತ್ತುವಾಗ ನಡುದಾರಿಯಲ್ಲಿ ನೋವು ಬಂತು. ಮುಂದಿನ ಕಟ್ಟೆವರೆಗೆ ತಡೆದುಕೋ ಎಂದನಂತೆ ಆ ಪುಣ್ಯಾತ್ಮ. ಮುತ್ತಜ್ಜಿ ಅವನನ್ನು ಅಲ್ಲೇ ಇಳಿಸಿ, ಬಂಡೆಗೆ ಒರಗಿ ಹೆತ್ತಳು. ಕೆಲಸ ಹೋಯಿತು. ಬಂಡೆಯ ಪಕ್ಕದಲ್ಲೇ ಗುಡಿಸಲು ಹಾಕಿದಳು. ಊರಿನ ಮೊದಲ ಮನೆ ಅದು.

"ನಿಮ್ಮ ಮುತ್ತಜ್ಜಿ ಪುರಾಣ ಇನ್ಮೇಲೆ ಬೇಡಮ್ಮ," ಎಂದರು ಅಧ್ಯಕ್ಷರು. "ದೇವರ ದಾರೀಲಿ ಹೆರಿಗೆ ಕಥೆ ಹೇಳ್ತಾರಾ? ಅಸಹ್ಯ! ಇನ್ನೊಂದ್ಸಲ ಕಿವಿಗೆ ಬಿದ್ರೆ ನಿನ್ನ ಬಿಲ್ಲೆ ಕಿತ್ಕೋತೀನಿ."

ಸಮಿತಿಯ ಬಿಲ್ಲೆ ಇಲ್ಲದೆ ಯಾರನ್ನೂ ಹೊರುವಂತಿಲ್ಲ. ಹೊರದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವಳಿಗೆ ಹೆದರಿಕೆಯಾಯಿತು, ಸುಳ್ಳೇಕೆ. ಆದರೆ ಆ 'ಅಸಹ್ಯ' ಎಂಬ ಮಾತಿಗೆ ಮೈಯೆಲ್ಲ ಉರಿದುಹೋಯಿತು.

ತಿರುವಿನಲ್ಲಿ ಬಂಡೆ ಕಂಡಿತು. ಅವಳು ಮಂಡಿ ಬಗ್ಗಿಸಿ ಕುರ್ಚಿಯನ್ನು ನೆಲಕ್ಕೂರಿದಳು.

"ಏಯ್, ಇಲ್ಯಾಕೆ? ಕಟ್ಟೆ ಇನ್ನೂ ಮೇಲಿದೆ! ಕಾಲು ನೋವಾ?"

"ಇಲ್ಲಣ್ಣ, ಗಟ್ಟಿಮುಟ್ಟಾಗಿದೀನಿ." ಎದೆಯ ಮೇಲಿನ ಬಿಲ್ಲೆ ಬಿಚ್ಚಿ ಅವರ ಜೇಬಿಗೆ ಹಾಕಿದಳು. "ಕೀಳೋ ಕಷ್ಟ ನಿಮಗ್ಯಾಕೆ?"

ಅಧ್ಯಕ್ಷರು ಏಳಲು ಹೋಗಿ ಮಂಡಿ ಹಿಡಿದುಕೊಂಡು ಮತ್ತೆ ಕೂತರು. ಕೆಳಗಿನಿಂದ ಏದುಸಿರು ಬಿಡುತ್ತಾ ಬಂದ ಯಾತ್ರಿಕರ ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: "ಇದ್ಯಾವೂರಮ್ಮ?"

ಅವಳು ಹೆಸರು ಹೇಳಿದಳು.

"ಇದೇನಮ್ಮ ಹಂಗಂತ ಹೆಸರು?"

"ಕೂತ್ಕೊಳ್ಳಿ ಅಜ್ಜಿ, ಹೇಳ್ತೀನಿ." ಬೆವರಿನಿಂದ ನೆನೆದ ಹಣೆಪಟ್ಟಿಯಿಂದ ಬಂಡೆಯ ಮೇಲಿನ ಧೂಳನ್ನು ಕೊಡವಿ, ಅಧ್ಯಕ್ಷರ ಕಡೆ ತಿರುಗಿದಳು. "ನೀವೂ ಕೇಳಿಸ್ಕೊಳ್ಳಿ ಅಣ್ಣ."